ಕುದುರೆ ಒದ್ದರೆ ನಾವು ಹೊಣೆಯಲ್ಲ

ಆ ಕಾಗದವನ್ನು ಟೈಪ್ ಮಾಡಿದವನು ನಾನೇ. ಪುಣೆಯ ಒಬ್ಬ ವಕೀಲರ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದೆ. ಕಾತ್ರಜದಾಚೆ ಕುದುರೆ ಸವಾರಿ ಕಲಿಸುವ ಶಾಲೆಯ ಮಾಲೀಕ ನಮ್ಮ ಕಕ್ಷಿದಾರ. ಭಾನುವಾರ ಕಾರಿನಲ್ಲಿ ಬಂದು ಸವಾರಿ ಮಾಡುವವರಿಂದ ಮೊದಲೇ ಸಹಿ ಹಾಕಿಸಿಕೊಳ್ಳಲು ಅವನಿಗೆ ಮರಾಠಿಯಲ್ಲಿ ಒಂದು ಫಾರ್ಮ್ ಬೇಕಿತ್ತು: ಕುದುರೆ ಒದ್ದರೆ, ಕಚ್ಚಿದರೆ, ಕೆಡವಿದರೆ ಶಾಲೆ ಹೊಣೆಯಲ್ಲ. ‘ನಾನು ಸ್ವಂತ ಸಂತೋಷಕ್ಕಾಗಿ ಇಲ್ಲಿಗೆ ಬಂದಿದ್ದೇನೆ’ ಎಂಬ ಸಾಲನ್ನು ಯಾರೂ ಹೇಳದೆ ನಾನೇ ಸೇರಿಸಿದೆ. ವಕೀಲರು ಭೇಷ್ ಎಂದರು. ನಾನು ಉಬ್ಬಿಹೋದೆ.

ಅದೇ ಶಾಲೆಯ ಲಾಯದಲ್ಲಿ ನನ್ನ ಅಕ್ಕನ ಗಂಡ, ನಮ್ಮ ಮಾಮಾ, ಕೆಲಸ ಮಾಡುತ್ತಿದ್ದರು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರು ಕುದುರೆಗಳ ಹತ್ತಿರ ಉಳಿದುಬಿಟ್ಟಿದ್ದರು; ಮರಾಠಿ ಓದಲು ಬರುತ್ತಿರಲಿಲ್ಲ. ಲದ್ದಿ ಬಳಿಯಬೇಕು, ಮೈ ತಿಕ್ಕಬೇಕು, ಮೇವು ಹಾಕಬೇಕು. ನಮ್ಮ ಮನೆಗಳಲ್ಲಿ ಒಂದು ರೂಢಿಯಿದೆ. ಯಾವ ಕಾಗದ ಬಂದರೂ ಮೊದಲು ನನಗೆ ಫೋನ್. ನಾನು ಹ್ಞೂಂ ಅನ್ನುವವರೆಗೆ ರೇಶನ್ ಕಾರ್ಡಿನ ಅರ್ಜಿಗೂ ಯಾರೂ ಸಹಿ ಹಾಕುವುದಿಲ್ಲ.

ಒಂದು ದಿನ ಮಾಮಾ ಫೋನ್ ಮಾಡಿದರು.

“ತಮ್ಮಾ, ಶೇಠ ಎಲ್ಲಾ ಕೆಲಸದವ್ರ ಕಡಿಂದ ಒಂದು ಕಾಗದಕ್ಕ ಸಹಿ ತೊಗೊಳ್ಳಾಕತ್ತಾನ. ಮಾಡ್ಲೇನು?”

“ಯಾವ ಕಾಗದರಿ?”

“ನಿಮ್ಮ ಆಫೀಸಿಂದಂತ ನೋಡು.”

ನಮ್ಮ ಆಫೀಸಿನದು ಎಂದಮೇಲೆ ಕೇಳುವುದೇನಿದೆ? “ಮಾಡ್ರಿ ಮಾಮಾ, ಏನೂ ಆಗೂದಿಲ್ಲ” ಎಂದೆ. ಫೋಟೋ ಕಳಿಸಿ ಎನ್ನುವಷ್ಟು ವ್ಯವಧಾನವೂ ನನಗಿರಲಿಲ್ಲ.

ಕೆಲವು ತಿಂಗಳ ಮೇಲೆ, ಲಾಳ ಹೊಡೆಯುವಾಗ ಹೊಸ ಕುದುರೆಯೊಂದು ಬೆದರಿ ಒದೆಯಿತು. ಕಾಲು ಹಿಡಿದು ಕೂತಿದ್ದ ಮಾಮಾನ ಮಂಡಿ ಚೂರಾಯಿತು. ಮಾಲೀಕ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಅಕ್ಕ ಕೇಳಲು ಹೋದರೆ ಮಾಮಾನ ಸಹಿಯಿದ್ದ ಅದೇ ಸವಾರಿ ಫಾರ್ಮ್ ತೆಗೆದು ತೋರಿಸಿದ. ಏಳು ವರ್ಷ ಲದ್ದಿ ಬಳಿದ ಮನುಷ್ಯ ಕೆಲಸದವನೇ ಅಲ್ಲವಂತೆ, ಸಂತೋಷಕ್ಕೆ ಬಂದವನಂತೆ! ಹಾಜರಿ ಪುಸ್ತಕದಲ್ಲಿ ಹೆಸರೂ ಇರಲಿಲ್ಲ. ನಾನು ತೋಡಿದ ಹಳ್ಳಕ್ಕೆ ನಮ್ಮ ಮನೆಯವರೇ ಬಿದ್ದಿದ್ದರು.

ವಕೀಲರ ಹತ್ತಿರ ಹೋದೆ. “ಕೆಲಸಗಾರ ಪರಿಹಾರ ಬೇಡವೆಂದು ಬರೆದುಕೊಟ್ಟರೂ ಕಾನೂನು ಒಪ್ಪುವುದಿಲ್ಲ. ಆದರೆ ಅವನು ಕೆಲಸಗಾರ ಎಂದು ಹೇಳುವವರು ಯಾರು?” ಎಂದು ಮರಾಠಿಯಲ್ಲಿ ಹೇಳಿ ನಕ್ಕರು. ಎಲ್ಲ ಗೊತ್ತಿದ್ದೂ ನಕ್ಕರು. ಚಪ್ಪಲಿ ಕೈಗೆ ತೆಗೆದುಕೊಳ್ಳಬೇಕು ಎನಿಸಿತು. ತೆಗೆದುಕೊಳ್ಳಲಿಲ್ಲ, ಕೆಲಸ ಬಿಟ್ಟು ಬಂದೆ.

ಬೇರೆ ವಕೀಲರನ್ನು ಹಿಡಿದು ಕಾರ್ಮಿಕ ಅಧಿಕಾರಿಯ ಮುಂದೆ ಪರಿಹಾರಕ್ಕೆ ಅರ್ಜಿ ಹಾಕಿಸಿದೆವು. ಅಕ್ಕ ದಿನವೂ ಮಾಮಾನನ್ನು ಕೇಳುತ್ತಿದ್ದಳು: “ನನ್ನ ತಮ್ಮನ್ನ ಒಂದ್ ಮಾತು ಕೇಳಬಾರದಿತ್ತೇನರಿ? ಯಾವ ಹಾಳಾದಂವ ಹೇಳಿದ್ನರಿ ನಿಮಗ ಸಹಿ ಮಾಡಂತ?” ಮಾಮಾ “ನೆನಪಿಲ್ಲ” ಅನ್ನುತ್ತಿದ್ದರು. ಪಕ್ಕದಲ್ಲೇ ಕೂತು ನಾನೂ ಆ ಹಾಳಾದವನನ್ನು ಬೈಯುತ್ತಿದ್ದೆ. ಥೂ ನನ್ನ ಜನ್ಮಕ್ಕೆ.

ವಿಚಾರಣೆಯ ದಿನ ಮಾಲೀಕನ ಕಡೆಯವರು ಒಂದೇ ಹಟ ಹಿಡಿದರು: ಅರ್ಥ ಮಾಡಿಕೊಂಡೇ ಸಹಿ ಮಾಡಿದ್ದಾನೆ. ಸಾಕ್ಷಿ ಹೇಳಲು ನಾನು ಎದ್ದು ನಿಂತೆ. ಅದು ಗಿರಾಕಿಗಳಿಗೆಂದು ಬರೆದ ಫಾರ್ಮ್, ಬರೆದವನು ನಾನು ಎಂದೆ. ನನ್ನ ಹಳೆಯ ವಕೀಲರು ಕಣ್ಣು ಕೆಂಪು ಮಾಡಿದರು. ಮಾಡಲಿ.

“ಇದನ್ನು ಇವರಿಗೆ ಯಾರಾದರೂ ಓದಿ ಹೇಳಿದ್ದರೇ?” ಅಧಿಕಾರಿ ಕೇಳಿದರು.

“ಇಲ್ಲ.”

“ಹಾಗಿದ್ದರೆ ಯಾರನ್ನು ನಂಬಿ ಸಹಿ ಮಾಡಿದರು?”

ಹಿಂದಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು.

“ನನ್ನನ್ನು. ಕಾಗದ ನೋಡದೆ ಮಾಡ್ರಿ ಅಂದವನು ನಾನೇ.”

ಅಕ್ಕ ನನ್ನತ್ತ ನೋಡಲಿಲ್ಲ. ಗಂಡನ ಕಡೆ ತಿರುಗಿದಳು. “ಗೊತ್ತಿದ್ದೂ ಯಾಕ ಹೇಳಲಿಲ್ಲರಿ?”

“ಹೇಳಿದ್ರ ನಿನಗ ತವರಮನಿ ಎಲ್ಲಿ ಉಳೀತಿತ್ತ?” ಎಂದರು ಮಾಮಾ, ಊರುಗೋಲು ಹುಡುಕುತ್ತಾ.