ಗಂಗೆ ಗಿಂಡಿಯ ಮೈಕು

ಅಮ್ಮನಿಗೆ ಕಾಶಿ ತೋರಿಸಿ, ಒಂದು ತಿಂಗಳಿದ್ದು ಅವಳ ಜೊತೆ ವಾಪಸಾಗುತ್ತೇನೆಂದು ಬಂದವಳು ನಾನು. ಆರು ವರ್ಷವಾಯಿತು. ಬಂದ ವಾರದಲ್ಲೇ ಅವಳು ಗಂಗೆಯಲ್ಲಿ ನಿಂತು, ಪ್ರಾಣವಿರುವ ತನಕ ಕಾಶಿಯ ಎಲ್ಲೆ ದಾಟುವುದಿಲ್ಲವೆಂದು ಸಂಕಲ್ಪ ಮಾಡಿಬಿಟ್ಟಳು. ವ್ರತ ಅವಳದು, ಕಟ್ಟುಪಾಡು ನನಗೆ. ಸಾರನಾಥಕ್ಕೆ ಹೋಗಿಬರೋಣ ಎಂದರೂ, "ಅದು ಎಲ್ಲೆಯಿಂದ ಆಚೆಗೋ ಈಚೆಗೋ ಕೇಳ್ಕೊಂಡು ಬಾ" ಎನ್ನುತ್ತಾಳೆ. ಅಸ್ಸಿ ಘಾಟಿನ ಹತ್ತಿರ ಮಠದವರು ಕೊಟ್ಟ ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ. ಕಿಟಕಿಯ ಕೆಳಗೆ ಗಲ್ಲಿ, ಗಲ್ಲಿಯ ತುಂಬ ಹಾರ್ನು.

ಊರಲ್ಲಿ ನಾನು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಇಲ್ಲಿ ತಲೆ ಕೆಡದಿರಲೆಂದು ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕು ಕಟ್ಟುವುದನ್ನು ಕಲಿತೆ. ಒಳಗಿನ ಸರ್ಕ್ಯೂಟು ಕಷ್ಟವಲ್ಲ, ಕಷ್ಟವಿರುವುದು ಅದನ್ನು ಕೂರಿಸುವ ಗೂಡಿನಲ್ಲಿ. ಅಕ್ಕನ ಮಗಳ ಮದುವೆ ಗೊತ್ತಾಗುವವರೆಗೆ ಅದೊಂದು ಹೊತ್ತು ಕಳೆಯುವ ಹುಚ್ಚು ಮಾತ್ರವಾಗಿತ್ತು.

ನಮ್ಮ ಮನೆಯ ಮದುವೆಗಳಲ್ಲಿ ಹಸೆಗೆ ಕರೆಯುವ ಹಾಡು ಹೇಳುತ್ತಿದ್ದದ್ದು ಅಮ್ಮನೇ. "ಅಮ್ಮ ಬರಲ್ಲ ಅಂತ ಗೊತ್ತು ಕಣೆ, ಅವಳ ಹಾಡಾದರೂ ಬರಲಿ" ಎಂದು ಅಕ್ಕ ಫೋನಿನಲ್ಲಿ ಅತ್ತಳು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೋಡಿದೆ. ಆಟೋಗಳ ಹಾರ್ನಿನ ನಡುವೆ ಎಲ್ಲೋ ಒಬ್ಬ ಮುದುಕಿ ಗೊಣಗಿದಂತಿತ್ತು. ಅಮ್ಮನ ದನಿ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು. ಮದುವೆಗೆ ಹನ್ನೆರಡು ದಿನ ಉಳಿದಿತ್ತು.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೈಕು ಕೂರಿಸಿದರೆ ಕರೆಂಟಿನ ಗುಂಯ್ ಸದ್ದು ಹಿಡಿಯುತ್ತದೆ, ಲೋಹವೇ ಬೇಕು. ನಮ್ಮ ಕಡೆಯ ಯಾತ್ರಿಕರು ಗಂಗೆ ತುಂಬಿಸಿ ಬಾಯಿಗೆ ಬೆಸುಗೆ ಹಾಕಿಸಿ ಒಯ್ಯುವ ತಾಮ್ರದ ಗಿಂಡಿಗಳು ಇಲ್ಲಿ ಗಲ್ಲಿಗಲ್ಲಿಯಲ್ಲಿ ಸಿಗುತ್ತವೆ. ಒಂದನ್ನು ತಂದು, ಬೆಸುಗೆ ಹಾಕುವ ಮುದುಕನಿಗೆ ಕಾಗದದಲ್ಲಿ ಚಿತ್ರ ಬರೆದುಕೊಟ್ಟೆ: ಮುಂದೆ ಒಂದು ಕಿಂಡಿ, ಹಿಂದೆಯೂ ಅಷ್ಟೇ ದೊಡ್ಡ ಕಿಂಡಿ, ಎರಡಕ್ಕೂ ಚಹಾ ಸೋಸುವ ಜಾಲರಿ.

ತರಲು ಹೋದಾಗ ಗಿಂಡಿ ಫಳಫಳ ಹೊಳೆಯುತ್ತಿತ್ತು. ಮುಂದಿನ ಕಿಂಡಿ ಸೊಗಸಾಗಿತ್ತು. ಹಿಂದೆ ಕಿಂಡಿ ಕೊರೆದು, ಮನಸ್ಸು ತಡೆಯದೆ ಅದಕ್ಕೊಂದು ತಗಡು ಹೊಂದಿಸಿ ಬೆಸುಗೆ ಹಾಕಿಬಿಟ್ಟಿದ್ದ. "ದೀದಿ, ಚಿತ್ರದಲ್ಲಿ ತಪ್ಪಿತ್ತು, ಸರಿ ಮಾಡಿದ್ದೇನೆ. ಮೂರು ತಲೆಮಾರಿನಿಂದ ನಮ್ಮ ಕೈಯ ಪಾತ್ರೆ ಸೋರಿಲ್ಲ" ಎಂದ ಹೆಮ್ಮೆಯಿಂದ. ಜಗಳವಾಡಬೇಕಿತ್ತು. ಹಿಂಬದಿಗೂ ಗಾಳಿ ತಾಗದಿದ್ದರೆ ಆ ಮೈಕು ಕೆಲಸಕ್ಕೆ ಬಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮುಚ್ಚಿದ್ದರೆ ಗಲ್ಲಿಯ ಗದ್ದಲ ಒಳಗೆ ಬರಲಿಕ್ಕಿಲ್ಲವೆಂಬ ದುರಾಸೆ ಹುಟ್ಟಿತು. ಆರು ವರ್ಷ ಒಂದೇ ಕೋಣೆಯಲ್ಲಿದ್ದರೆ ಬುದ್ಧಿಯೂ ಹಾಗೇ ಮುಚ್ಚಿಹೋಗುತ್ತದೆ.

ಅಮ್ಮ ಗಿಂಡಿಗೆ ಕೈಮುಗಿದೇ ಹಾಡಿದಳು. ಹೆಡ್‌ಫೋನ್ ಹಾಕಿ ಕೇಳಿಸಿದೆ. ಮುಖ ಸಿಂಡರಿಸಿ, "ಇದೇನೇ, ನನ್ನನ್ನ ಕೊಡದೊಳಗೆ ಕೂರಿಸಿದ್ದೀಯ?" ಎಂದಳು. ಹಾರ್ನೂ ಅಷ್ಟೇ ಜೋರಾಗಿ ಕೇಳುತ್ತಿತ್ತು. ನನಗೆ ಅಳುವೇ ಬಂತು. ಮುದುಕನ ಅಂಗಡಿಗೇ ಹೋಗಿ, ಅವನ ಗರಗಸ ಇಸಿದುಕೊಂಡು ಹಿಂದಿನ ತಗಡು ಕೊಯ್ದೆ. ತುಂಬಿದ ಕೊಡ ಒಡೆದವಳನ್ನು ನೋಡುವಂತೆ ನನ್ನನ್ನು ನೋಡಿದ. ಆದರೂ ಜಾಲರಿಯನ್ನು ಅವನೇ ಕೂರಿಸಿಕೊಟ್ಟ.

ಮರುದಿನ ಮಧ್ಯಾಹ್ನ ಫ್ಯಾನ್ ಆರಿಸಿ, ಗಿಂಡಿಯ ಬೆನ್ನನ್ನು ಕಿಟಕಿಗೂ ಮುಖವನ್ನು ಅಮ್ಮನಿಗೂ ತಿರುಗಿಸಿದೆ. ಹಿಂದಿನ ಕಿಂಡಿ ತೆರೆದಿದ್ದರೆ ಆ ಮೈಕು ಬೆನ್ನ ಹಿಂದಿನ ಸದ್ದಿಗೆ ಅರೆಗಿವುಡು. ಅಮ್ಮ ಬೆವರುತ್ತಾ ಎರಡು ಹಾಡು ಹೇಳಿದಳು. ಮುಗಿಸಿದವಳು, ನಾನು ರೆಕಾರ್ಡಿಂಗ್ ನಿಲ್ಲಿಸುವ ಮೊದಲೇ ಹೇಳಿದಳು:

"ಮದುವೆಗೆ ನೀನಾದ್ರೂ ಹೋಗು. ಸಂಕಲ್ಪ ಮಾಡಿದೋಳು ನಾನು, ನೀನಲ್ವಲ್ಲ. ಪಕ್ಕದ ಕೋಣೆ ಅಜ್ಜಿ ನನ್ನ ನೋಡ್ಕೋತಾರೆ. ಬೇಕಾದ್ರೆ ಅಲ್ಲೇ ಇದ್ಬಿಡು."

ಆರು ವರ್ಷದಿಂದ ನಾನು ಕಾದಿದ್ದ ಮಾತು ಅದು. ಗಿಂಡಿಯ ಜಾಲರಿಯನ್ನೇ ನೋಡುತ್ತಾ ಕೂತೆ. ಕೊನೆಗೆ ಬಾಯಿಂದ ಬಂದದ್ದು, "ಬೇಡಮ್ಮ, ಇಲ್ಲೇ ಇರ್ತೀನಿ." ಹೇಳಿದ ಮೇಲೆ ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು. ಬೆಳಗ್ಗೆ ಎದ್ದವಳು ಗಟ್ಟಿ ಮನಸ್ಸು ಮಾಡಿದೆ: ಹಾಡನ್ನು ಅಕ್ಕನಿಗೆ ಕಳಿಸುವುದು, ಇಲ್ಲೇ ಹತ್ತಿರದ ಲಂಕಾ ಪೇಟೆಗೆ ಹೋಗಿ ರೈಲಿನ ಟಿಕೆಟ್ ಮಾಡಿಸುವುದು, ಹೊರಡುವುದು.

ಹಾಡಿನ ನಂತರದ ಮಾತನ್ನು ಕತ್ತರಿಸಲೆಂದು ಹೆಡ್‌ಫೋನ್ ಹಾಕಿದೆ. ಮೈಕು ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಪ್ರತಿ ಸಾಲಿನ ಕೊನೆಗೆ ಅಮ್ಮನ ಮೂಗಿನ ಉಸಿರು, ಸೆರಗು ಸರಿದ ಸದ್ದು, ಎಲ್ಲ ಕೇಳುತ್ತಿತ್ತು. "ಅಲ್ಲೇ ಇದ್ಬಿಡು" ಎಂದಳು. ಆಮೇಲೆ ಉಸಿರೇ ಇಲ್ಲ. ದೂರದಲ್ಲಿ ಒಂದು ಹಾರ್ನು, ಮತ್ತೆ ಏನೂ ಇಲ್ಲ. ನಾನು "ಇಲ್ಲೇ ಇರ್ತೀನಿ" ಎಂದ ಮೇಲೆ, ಅಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರನ್ನು ಮೆಲ್ಲಗೆ ಬಿಟ್ಟಳು.

ಮೂರು ಸಲ ಕೇಳಿದೆ. ಹಾಡಷ್ಟನ್ನೇ ಅಕ್ಕನಿಗೆ ಕಳಿಸಿ, ಲಂಕಾಕ್ಕೆಂದು ಹಾಕಿಕೊಂಡಿದ್ದ ಚಪ್ಪಲಿ ಬಿಚ್ಚಿಟ್ಟೆ.