ಬಸ್ಸಿಗೆ ಬಾರದ ಅಜ್ಜಿ

ನಮ್ಮ ಹೈಸ್ಕೂಲ್ ಬಸ್ಸಿನ ಡ್ರೈವರಣ್ಣ ಸಂಜೆ ಕೊಪ್ಪಳ ಬಿಡುವ ಮುನ್ನ ಕನ್ನಡಿಯಲ್ಲೇ ನಮ್ಮ ತಲೆ ಎಣಿಸುತ್ತಿದ್ದ. "ಎಲ್ಲಾರೂ ಬರಬೇಕು, ಆಮ್ಯಾಲ ಗಾಡಿ" ಎನ್ನುತ್ತಿದ್ದ.

ನಾಟಕದ ದಿನ ನಾನು ಮುದುಕಿಯ ಪಾತ್ರ ಮುಗಿಸಿ, ಬಿಳಿ ಕೂದಲು, ಇಳಕಲ್ ಸೀರೆಯಲ್ಲೇ ಬಸ್ಸಿಗೆ ಓಡಿದೆ. ಡ್ರೈವರಣ್ಣ ಬಾಗಿಲಲ್ಲಿ ಕೈ ಅಡ್ಡ ಹಿಡಿದ.

"ಯಮ್ಮಾ, ಇದು ಸಾಲಿ ಬಸ್ಸು. ಹೊರಗಿನವ್ರು ಹತ್ತಂಗಿಲ್ಲ."

"ನಾನ್ರಿ ಅಣ್ಣಾ, ಹಿಟ್ನಾಳದ ಹುಡುಗಿ" ಎಂದೆ, ತಾಲೀಮಿನಲ್ಲಿ ಒಡೆದ ಗಂಟಲಲ್ಲಿ.

"ಆಕಿ ಇನ್ನೂ ಬಂದಿಲ್ಲಬೇ. ಆಕಿ ಸಲುವಾಗೇ ಗಾಡಿ ನಿಂತೈತಿ."

ನಲ್ಲಿಯಲ್ಲಿ ಮುಖ ತೊಳೆದು, ಯೂನಿಫಾರ್ಮ್ ಹಾಕಿಕೊಂಡು ಬಂದು ಕೂತೆ. ತಲೆಗಳ ಲೆಕ್ಕ ಸರಿಹೋಯಿತು. ಗಾಡಿ ಮಾತ್ರ ಹೊರಡಲಿಲ್ಲ. ಅವನು ಗೇಟನ್ನೇ ನೋಡುತ್ತಿದ್ದ.

"ಹೊತ್ತಾತು, ಬಿಡ್ರಿ ಅಣ್ಣಾ" ಎಂದೆ.

"ಆ ಮುದುಕಿ ಒಬ್ಬಾಕಿನ ಎಲ್ಲಿ ಹೋದ್ಲೋ. ಪಾಪ, ಹಿಟ್ನಾಳ ತನಕ ಬಿಡೋಣು. ಎಲ್ಲಾರೂ ಬರಬೇಕು, ಆಮ್ಯಾಲ ಗಾಡಿ."

ನಾನು ಬಿಳಿ ಕೂದಲನ್ನು ಚೀಲದ ತಳಕ್ಕೆ ತುರುಕಿದೆ. ನಾವೆಲ್ಲ ಹತ್ತು ನಿಮಿಷ ಆ ಅಜ್ಜಿಗಾಗಿ ಕಾದೆವು.