ಕುಂಕುಮ ಮುಚ್ಚಿದ ನಂಬರಿನೊಂದಿಗೆ ಧಾರವಾಡಕ್ಕೆ

೧೯೭೪, ಶಿವರಾತ್ರಿ ಕಳೆದ ಮೇಲಿನ ಸೋಮವಾರ, ಬೆಳಗಿನ ಆರು ಗಂಟೆ. ಸಂಶಿಯ ನಮ್ಮ ಮನೆಯ ಮುಂದೆ ಹಾಜರಿದ್ದವರು ಮೂವರು: ನಿವೃತ್ತ ಹೆಡ್‌ಮಾಸ್ತರನಾದ ನಾನು, ನನ್ನ ಹೆಂಡತಿ ನೀಲವ್ವ, ಹಿಂದಿನ ಸಂಜೆಯೇ ಬಮ್ಮಿಗಟ್ಟಿಯಿಂದ ಬಂದಿದ್ದ ಬಸನಗೌಡ. ಪೆಟ್ರೋಲು ಪಿಂಚಣಿಗೆ ನಿಲುಕದಂತಾದ್ದರಿಂದ ನನ್ನ ಹಳೆಯ ಮೋರಿಸ್ ಕಾರನ್ನು ಅವನಿಗೆ ಮಾರಿದ್ದೆ. ಧಾರವಾಡದ ಮೋಟಾರು ವಾಹನ ಕಚೇರಿಗೆ ಹೋಗಿ ಆರ್.ಸಿ. ಪುಸ್ತಕದಲ್ಲಿ ನನ್ನ ಹೆಸರು ಹೊಡೆದುಹಾಕಿಸಿ ಅವನ ಹೆಸರು ಬರೆಸುವುದಷ್ಟೇ ಉಳಿದಿತ್ತು. ಟಯರು, ನೀರು, ಎಣ್ಣೆ ನೋಡಿ ಹೊತ್ತಿಗೆ ಸರಿಯಾಗಿ ಹೊರಟೆವು.

ಕುಂದಗೋಳ ದಾಟುವವರೆಗೆ ಪ್ರಯಾಣ ಸುಖವಾಗಿತ್ತು. ತಂಪು ಗಾಳಿ, ಎರೆಹೊಲಗಳಲ್ಲಿ ಕೊಯ್ದು ಮಲಗಿಸಿದ ಜೋಳ, ಹುಬ್ಬಳ್ಳಿಯತ್ತ ಸಾಲುಗಟ್ಟಿದ ಅರಳೆ ಚಕ್ಕಡಿಗಳು. ಬಸನಗೌಡ ಎಲೆಅಡಿಕೆ ಮೆಲ್ಲುತ್ತ ಮಾತು ತೆಗೆದ.

“ಮಾಸ್ತರ, ಅಲ್ಲೆ ಹೊಸಾ ಇನ್ಸ್‌ಪೆಕ್ಟರ್ ಬಂದಾನಂತ್ರಿ. ಅಗದಿ ಬಿಗಿ. ಅಣ್ಣಿಗೇರಿ ಅಡತಿ ಅಂಗಡಿಯವನ ಗಾಡಿ ನಂಬರ ಬುಕ್ಕಿಗೆ ಕೂಡಲಿಲ್ಲಂತ. ಗಾಡಿ ಜಪ್ತಿ, ಅಂವಾ ಒಂದ ರಾತ್ರಿ ಠಾಣೇದಾಗ.”

“ಕಳವಿನ ಗಾಡಿ ಇರಬೇಕು.”

“ಅವಗೇನ ಗೊತ್ರಿ? ಪಾಪ, ಅವನೂ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ.”

ನಾನೂ ಹಾಗೆಯೇ ತೆಗೆದುಕೊಂಡಿದ್ದೆ. ನನಗೆ ಮಾರಿದ ಹುಬ್ಬಳ್ಳಿಯ ಅರಳೆ ವ್ಯಾಪಾರಿ ಈಗ ಬದುಕಿಲ್ಲ. ಪ್ರತಿ ರವಿವಾರ ಕಾರು ತೊಳೆದವನು ನಾನು. ಪುಸ್ತಕದಲ್ಲಿನ ಚಾಸಿ ನಂಬರನ್ನು ಬಾನೆಟ್ಟಿನೊಳಗಿನ ತಗಡಿನಲ್ಲಿ ಕೊರೆದ ನಂಬರಿನೊಡನೆ ಒಮ್ಮೆಯೂ ಕೂಡಿಸಿ ನೋಡಿರಲಿಲ್ಲ.

ಹುಬ್ಬಳ್ಳಿ ದಾಟಿದೊಡನೆ ಬೇವಿನ ಮರದಡಿ ನಿಲ್ಲಿಸಿ ಬಾನೆಟ್ಟು ಎತ್ತಿದೆ. ತಗಡು ಇರಬೇಕಾದಲ್ಲಿ ಅಂಗೈ ಅಗಲದ ಕೆಂಪು ಹೆಪ್ಪು. ನೀಲವ್ವ ಅಮಾವಾಸ್ಯೆಗೊಮ್ಮೆ ಎಣ್ಣೆಯಲ್ಲಿ ಕಲಸಿ ಹಚ್ಚಿದ ವಿಭೂತಿ, ಕುಂಕುಮ ವರ್ಷ ವರ್ಷ ಕೂಡಿ ಕಲ್ಲಾಗಿತ್ತು. ಒಂದು ಅಂಕಿಯೂ ಕಾಣದು.

“ಇಲ್ಲೇ ಯಾಕ ಹಚ್ಚಿದಿ?”

“ಗಾಡಿಗೆ ಹಣಿ ಮತ್ತೆಲ್ಲೈತ್ರಿ? ಹೊರಗ ಹಚ್ಚಿದ್ರ ರವಿವಾರ ನೀವ ತೊಳದ ಬಿಡತಿದ್ರಿ!”

ಬಸನಗೌಡ ಅಡಿಕೆ ಕತ್ತರಿಸುವ ಚಾಕು ತೆಗೆದ. “ಕೆರದ ಬಿಡೂಣ್ರಿ.”

“ಬ್ಯಾಡ!” ಎಂದು ಕೂಗಿಬಿಟ್ಟೆ. ಗೀರು ಬಿದ್ದರೆ ನಂಬರು ತಿದ್ದಿದ್ದಾರೆ ಎನ್ನುತ್ತಾರೆ. ಹೀಗೇ ಒಯ್ದರೆ ಮುಚ್ಚಿಟ್ಟಿದ್ದಾರೆ ಎನ್ನುತ್ತಾರೆ. ಅವರಿಬ್ಬರೂ ರೊಟ್ಟಿ, ಶೇಂಗಾ ಚಟ್ನಿ ತಿಂದರು. ನಾನು ಬಾನೆಟ್ಟು ಇಳಿಸಿ ಸ್ಟೀರಿಂಗ್ ಹಿಡಿದು ಕುಳಿತೆ. ನವಲೂರಿನ ಹತ್ತಿರ ಪೊಲೀಸನೊಬ್ಬ ಸೈಕಲ್ಲಿನಿಂದ ಇಳಿದು ಕೈ ಎತ್ತಿದ. ಬ್ರೇಕು ಒತ್ತಿದೆ. ಅವನು ಬೀಡಿ ತೋರಿಸಿ ಕಡ್ಡಿಪೆಟ್ಟಿಗೆ ಕೇಳಿದ.

ಕಚೇರಿಯ ಅಂಗಳದಲ್ಲಿ ಇನ್ಸ್‌ಪೆಕ್ಟರು ತಾವೇ ಬಾನೆಟ್ಟು ಎತ್ತಿದರು. ಹುಡುಗ ವಯಸ್ಸು, ನಗದ ಮುಖ.

“ಏನ್ರಿ, ಇದು ಗಾಡಿಯೋ ಗುಡಿಯೋ? ಇದರ ಬುಡಕ ಏನ ಮುಚ್ಚೀರಿ?”

ನೀಲವ್ವ ಮುಂದೆ ಬಂದಳು. “ನಾನ ಹಚ್ಚೇನ್ರಿ ಸಾಹೇಬ್ರ. ತಗಿಯೂದೂ ನಾನ ತಗೀತೀನಿ. ನೀವ ಕೈ ಹಚ್ಚಬ್ಯಾಡ್ರಿ.”

ಜವಾನ ಕೊಟ್ಟ ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ, ಮೊದಲು ಕೈ ಮುಗಿದು, ಪದರು ಪದರಾಗಿ ಒರೆಸಿದಳು. ಇನ್ಸ್‌ಪೆಕ್ಟರು ಒಂದೊಂದೇ ಅಂಕಿ ಕೂಗಿದರು. ಕಾರಕೂನ ಪುಸ್ತಕದಲ್ಲಿ ಬೆರಳಿಟ್ಟು “ಹೂಂ” ಎನ್ನುತ್ತ ಹೋದ. ನಾನು ಕಣ್ಣು ಮುಚ್ಚಿ ನಿಂತಿದ್ದೆ. “ಕೂಡತೈತ್ರಿ” ಎಂಬ ಮಾತು ಕೇಳಿದ ಮೇಲೆಯೇ ತೆರೆದೆ.

ಅರ್ಜಿಗೆ ಸಹಿ ಹಾಕಲು ಕರೆದರು. ಅಂಜಿಕೆ ಮನಸ್ಸಿನಿಂದ ಇಳಿದಿತ್ತು, ಕೈಯಿಂದ ಇಳಿದಿರಲಿಲ್ಲ. ಕಾರಕೂನ ಪುಸ್ತಕದ ನನ್ನ ಹಳೆಯ ಸಹಿಯ ಬಾಜು ಅರ್ಜಿ ಹಿಡಿದು ನೋಡಿದ. “ಇದು ಆ ಸಹಿ ಅಲ್ರಿ.” ಎರಡನೆಯ ಸಲವೂ ಆಗಲಿಲ್ಲ. ಮೂರನೆಯದು ಇನ್ನೂ ಸೊಟ್ಟ.

ಇನ್ಸ್‌ಪೆಕ್ಟರು ನನ್ನನ್ನೇ ನೋಡಿದರು. “ಗಾಡಿ ಖರೇ ಅದ. ನೀವು ಖರೇ ಮಾಲಕರೇನ್ರಿ?”

ಠಾಣೆಯ ಬಾಗಿಲು ಕಣ್ಣ ಮುಂದೆ ಬಂತು. ಆಗ ಬಸನಗೌಡ ಎಲೆ ಉಗುಳಿ ಬಂದು ನಿಂತ. “ಸಾಹೇಬ್ರ, ಬಮ್ಮಿಗಟ್ಟಿ ಸಾಲ್ಯಾಗ ನನ್ನ ಕೈ ಹಿಡದ ಸಹಿ ಕಲಿಸಿದವ್ರು ಇವ್ರ. ಕಿವಿ ಹಿಂಡಿದ್ದು ಇನ್ನೂ ನೆನಪೈತ್ರಿ.”

“ಹಂಗಾರ ಗುರುತಿಸಿದೆ ಅಂತ ನೀವು ಸಹಿ ಹಾಕ್ರಿ. ಅವರು ಹೆಬ್ಬೆಟ್ಟು ಒತ್ತಲಿ.”

ಶಾಲೆಗೆ ಬಂದ ಯಾವ ತಂದೆಯನ್ನೂ ಹೆಬ್ಬೆಟ್ಟು ಒತ್ತಿ ಹೋಗಲು ನಾನು ಬಿಟ್ಟವನಲ್ಲ. ಎರಡಕ್ಷರ ಬರೆಯುವವರೆಗೆ ಕೂಡಿಸುತ್ತಿದ್ದೆ. ಕಾರಕೂನ ನನ್ನ ಎಡಗೈ ಹಿಡಿದು ಮಸಿಗೆ ಒತ್ತಿದ, ಕಾಗದಕ್ಕೆ ಒತ್ತಿದ. ಅದರ ಕೆಳಗೆ ಬಸನಗೌಡ ದುಂಡಗೆ ಸಹಿ ಮಾಡಿದ.

ಅವನು ನಮ್ಮ ಕಾಲು ಮುಟ್ಟಿ ಕಾರು ಏರಿ ಕಲಘಟಗಿ ರಸ್ತೆ ಹಿಡಿದ. ನಾವು ರೈಲು ಹಿಡಿದೆವು. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ಕುಳಿತಾಗ ನೀಲವ್ವ ನನ್ನ ಕಪ್ಪು ಬೆರಳನ್ನು ನೋಡಿ ಸೆರಗಿನ ಮರೆಯಲ್ಲಿ ನಕ್ಕಳು. “ಸಾಲಿ ಕಲಿತ ವರ ಅಂತ ನಮ್ಮಪ್ಪ ಹುಡುಕಿ ಕೊಟ್ಟಿದ್ದ ನೋಡ್ರಿ!”

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಕಾಲು ತೊಳೆದು, ಗಡಿಯಾರಕ್ಕೆ ಕೀಲಿ ಕೊಟ್ಟು, ಮೇಜಿನ ಮುಂದೆ ಕುಳಿತು ಬಿಳಿ ಹಾಳೆಯ ಮೇಲೆ ಸಹಿ ಹಾಕಿದೆ. ಒಂದೇ ಸಲಕ್ಕೆ ಬಂತು, ಪುಸ್ತಕದಲ್ಲಿ ಇದ್ದಂತೆಯೇ. ಹಾಳೆ ಎತ್ತಿ ನೋಡಿದರೆ, ಹಿಡಿದುಕೊಂಡಿದ್ದ ಒದ್ದೆ ಎಡ ಹೆಬ್ಬೆಟ್ಟಿನ ಮಸಿಯೂ ಅದರ ಬಾಜು ಬಿದ್ದಿತ್ತು. ಹಿತ್ತಲಿಗೆ ಹೋಗಿ ಬೆರಳಿಗೆ ಸೀಗೆಪುಡಿ ಹಚ್ಚಿ ತಿಕ್ಕಿದೆ.